ಬಾಲದವರೆಗೂ ಕೇಳಿದವನು

“ಮತ್ತೆ ನನ್ನ ಮಾತನ್ನು ಅರ್ಧಕ್ಕೆ ಕತ್ತರಿಸಿದರು. ಹಬ್ಬದ ಊಟಕ್ಕೆ ಕೂತು ಏನೋ ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಹೋಳಿಗೆ ತಣ್ಣಗಾಯಿತು ಎಂದು ಒಬ್ಬರು, ತುಪ್ಪ ಎಲ್ಲಿ ಎಂದು ಇನ್ನೊಬ್ಬರು. ಆದ್ದರಿಂದ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ನನ್ನ ಮೂರು ಒಗಟು ಬಿಡಿಸಿದವನನ್ನೇ ನಾನು ಮದುವೆಯಾಗುವುದು.”

ನಾಗರಗಟ್ಟ ಸಂಸ್ಥಾನದಲ್ಲಿ ಡಂಗುರ ಹೊರಟಿದ್ದು ಹೀಗೆ. ಹೊರಡಿಸಿದವಳು ದೊರೆಯ ಒಬ್ಬಳೇ ಮಗಳು ರಂಗಾಜಮ್ಮಣ್ಣಿ. ದೊರೆ ಅದರಲ್ಲೂ ಬಾಯಿ ಹಾಕಿ ಎರಡು ಮಾತು ಸೇರಿಸಿದರು. ಸೋತವನ ಅರ್ಧ ಮೀಸೆ ಬೋಳಿಸಲಾಗುವುದು, ಬೋಳಿಸಲು ಮೀಸೆಯೇ ಇಲ್ಲದವನ ತಲೆ ತೆಗೆಯಲಾಗುವುದು. ದೀಪಾವಳಿಯೊಳಗೆ ಯಾರೂ ಗೆಲ್ಲದಿದ್ದರೆ ಮಗಳನ್ನು ಗುಮ್ಮನಕೋಟೆ ಯುವರಾಜನಿಗೆ ಕೊಡಲಾಗುವುದು.

ಆ ಯುವರಾಜ ಹೆಣ್ಣು ನೋಡಲು ಬಂದಾಗ, ಕಾಫಿಗೆ ಸಕ್ಕರೆ ಎಷ್ಟು ಎಂದು ಅಮ್ಮಣ್ಣಿ ಕೇಳುವಷ್ಟರಲ್ಲಿ ತಾನು ಹೊಡೆದ ಹುಲಿಯ ಕತೆ ಶುರುಮಾಡಿದ್ದ. ಸಾಯಂಕಾಲ ಅವನು ಸಾರೋಟು ಹತ್ತಿದಾಗಲೂ ಹುಲಿ ಇನ್ನೂ ಸತ್ತಿರಲಿಲ್ಲ. ಇವನನ್ನು ಕಟ್ಟಿಕೊಂಡರೆ ಉಳಿದ ಆಯಸ್ಸೆಲ್ಲ ಆ ಹುಲಿಯ ಜೊತೆಗೇ ಎಂದು ಅಮ್ಮಣ್ಣಿಗೆ ಊಟ ಸೇರುತ್ತಿರಲಿಲ್ಲ.

ಒಗಟುಗಳನ್ನು ಅವಳು ಕಟ್ಟಿದ್ದು ಇಂಗ್ಲಿಷ್ ಕಲಿಸುವ ಮಿಸ್ಸಮ್ಮ ಹೇಳಿಕೊಟ್ಟ ಗೇಣುದ್ದದ ಒಂದು ಪದದ ಮೇಲೆ. ಊರವರೆಲ್ಲ ದಿನಾ ಬಾಯಲ್ಲಿ ಹಾಕಿಕೊಂಡು ಅಗಿಯುವ ಪದವೇ. ಆದರೆ ಹೋದಲ್ಲೆಲ್ಲ ಬೇರೆ ವೇಷ ಹಾಕುತ್ತಿತ್ತು, ಮಾತು ಮುಗಿಯುವ ತನಕ ಗುರುತು ಸಿಗುತ್ತಿರಲಿಲ್ಲ.

“ಸೀಮೆಎಣ್ಣೆ ಅಂಗಡಿ ಮುಂದೆ ಬೆಳಗ್ಗೆ ಹುಟ್ಟುತ್ತದೆ, ನೂರಾರು ಕಾಲು, ಆದರೂ ಆಮೆಗಿಂತ ನಿಧಾನ...” ಎಂದು ಅವಳು ತೊಡಗುತ್ತಿದ್ದಂತೆ ಒಬ್ಬ ಪಾಳೇಗಾರ ಜರಿಹುಳ ಅಂದ. ಇನ್ನೊಬ್ಬ ಇರುವೆಸಾಲು ಅಂದ. ಗುಮ್ಮನಕೋಟೆಯವನಂತೂ ಸೀಮೆ ಎಂಬಲ್ಲೇ ಹುಲಿ ಅಂದುಬಿಟ್ಟ. ಅರ್ಧ ಮೀಸೆ ಹೋದರೂ ಅವನಿಗೆ ಚಿಂತೆಯಿಲ್ಲ, ದೀಪಾವಳಿಗೆ ಕಾದರಾಯಿತು. ಹಜಾಮನಿಗೆ ಕತ್ತಿ ಮಸೆದು ಸಾಕಾಯಿತು. ಅರ್ಧ ಮೀಸೆಯೇ ಹೊಸ ಫ್ಯಾಷನ್ ಇರಬೇಕೆಂದು ಪಡ್ಡೆ ಹುಡುಗರು ತಾವೇ ಬೋಳಿಸಿಕೊಳ್ಳತೊಡಗಿದರು.

ದೀಪಾವಳಿ ನಾಳೆ ಎನ್ನುವಾಗ, ಅರಮನೆ ಬಾವಿಗೆ ಹೊಸ ಹಗ್ಗ ತಂದ ಸಣ್ಣಗಿರಿಯ ತಾನೂ ಒಗಟು ಕೇಳುತ್ತೇನೆಂದು ನಿಂತ. ಮೇಲ್ದುಟಿಯ ಮೇಲೆ ಲೆಕ್ಕಕ್ಕೆ ಮಾತ್ರ ಕೂದಲು.

“ನಿನಗೆ ಬೋಳಿಸಕ್ಕೆ ಏನಿದೆಯೋ? ತಲೇನೇ ಹೋಗೋದು,” ಅಂದ ಕಾವಲಿನವನು.

“ಗೋಡೆ ಆಚೆ ನಾವು ಹಗ್ಗ ಹೊಸೀತೀವಿ. ದಿನಾ ಅರ್ಧ ಒಗಟು ಕೇಳಿಸ್ತದೆ. ಮಿಕ್ಕಿದ್ದು ಏನಂತ ನಿದ್ದೇನೇ ಬರ್ತಿಲ್ಲ ಅಣ್ಣ.”

ಅಮ್ಮಣ್ಣಿ ಶುರುಮಾಡಿದಳು. ಆಮೆಗಿಂತ ನಿಧಾನ ಎನ್ನುವಲ್ಲಿ ಅಭ್ಯಾಸಬಲದಿಂದ ನಿಂತಳು. ಯಾರೂ ಬಾಯಿ ಹಾಕಲಿಲ್ಲ. “ಹೇಳಿ ಅಮ್ಮಣ್ಣಿಯೋರೇ,” ಅಂದ ಗಿರಿಯ. ಒಗಟಿನ ಬಾಲವನ್ನು ಇದುವರೆಗೆ ಯಾರ ಮುಂದೆಯೂ ಹೇಳದೆ ಅವಳೇ ಮರೆತಿದ್ದಳು, ನೆನಪಿಸಿಕೊಳ್ಳಬೇಕಾಯಿತು.

“ಅದೇ ಗಾಳಿಮಳೆಗೆ ಹೊರಟುಹೋದರೆ ಅರಮನೆಯೂ ಕತ್ತಲು. ಕಂಬ ಹತ್ತಿ ಕರೆತರಬೇಕು.”

“ಲೈನು. ಸೀಮೆಎಣ್ಣೆಗೆ ನಮ್ಮವ್ವ ನಿಲ್ಲೋದು ಲೈನು. ಕರೆಂಟು ಹೋದ್ರೂ ಲೈನ್ ಹೋಯ್ತು ಅಂತೀವಿ.”

ಎರಡನೆಯದು ಹೀಗಿತ್ತು. ಹುಡುಗರು ಅದನ್ನು ಹುಡುಗಿಯರ ಕಡೆಗೇ ಹೊಡೆಯುತ್ತಾರೆ, ಸದ್ದಿಲ್ಲ, ಗಾಯವಿಲ್ಲ. ಚೆಂಡು ಎಂದುಬಿಟ್ಟರು ದೊರೆ, ಸಿಂಹಾಸನದಿಂದಲೇ. ಮಗಳು ಹಜಾಮನ ಕಡೆ ನೋಡಿದಳು. ದೊರೆ ಮೀಸೆ ಮುಚ್ಚಿಕೊಂಡರು. ಅವಳು ಮುಗಿಸಿದಳು: ಕೊನೆಗೆ ಪೆಟ್ಟು ಬೀಳುವುದು ಹೊಡೆದವನಿಗೇ, ಅದೂ ಹುಡುಗಿಯ ಅಣ್ಣ ಬಂದ ಮೇಲೆ.

“ಅದೂ ಲೈನೇ,” ಅಂದ ಗಿರಿಯ, ನೆಲ ನೋಡುತ್ತ. “ನಾನು ಹೊಡೆದಿಲ್ಲ.”

“ಹಾಗಾದರೆ ಆ ಪದದ ತಾಯಿ ಯಾರು? ನೀಲಿ ಹೂ ಮುಡಿಯುತ್ತಾಳೆ...”

ಶಂಖಪುಷ್ಪ ಎಂದು ಜನಾನದ ಕಿಟಕಿಯಿಂದ ಪಿಸುಮಾತು ಬಂತು. ಬಡಪಾಯಿಗೆ ಸಹಾಯ ಮಾಡೋಣವೆಂದು ಯಾರೋ. ಗಿರಿಯ ಕುತ್ತಿಗೆ ಸವರಿಕೊಂಡ. ಕಾವಲಿನವನೂ ಅದನ್ನೇ ನೋಡುತ್ತಿದ್ದ. ಆದರೂ ಗಿರಿಯ ಬಾಯಿ ಬಿಡಲಿಲ್ಲ.

“ಅವಳ ಬೀಜ ಹುರಿದು ನಾವು ಚಟ್ನಿಪುಡಿ ಮಾಡುತ್ತೇವೆ. ಅವಳ ದಂಟು ನೆನೆಹಾಕಿ, ಬಡಿದು, ನಾರು ತೆಗೆದು ದಾರ ಮಾಡುತ್ತಾರೆ.”

“ಅಗಸೆ,” ಅಂದ.

ಅಮ್ಮಣ್ಣಿ ಸಭೆಗೆ ವಿವರಿಸಿದಳು. ಹಿಂದೆ ರೋಮಿನವರು ಅಗಸೆ ನಾರಿನ ದಾರವನ್ನು ಲೀನಿಯ ಎನ್ನುತ್ತಿದ್ದರು. ನೇರ ಗೆರೆ ಬೇಕಾದರೆ ದಾರವನ್ನೇ ಬಿಗಿಹಿಡಿಯಬೇಕು, ಹಾಗಾಗಿ ದಾರದ ಹೆಸರು ಗೆರೆಗೆ ಬಂತು, ಇಂಗ್ಲಿಷರ ಬಾಯಲ್ಲಿ ಲೈನಾಯಿತು. ಗೆರೆಯಿಂದ ಸಾಲಿಗೆ, ಸಾಲಿನಿಂದ ತಂತಿಗೆ, ಕೊನೆಗೆ ಪಡ್ಡೆ ಹುಡುಗರ ಕಣ್ಣಿಗೂ. ಇಷ್ಟುದ್ದ ಹೇಳಿದರೂ ಯಾರೂ ನಡುವೆ ಮಾತಾಡಲಿಲ್ಲ. ದೊರೆಯ ಕೈ ಇನ್ನೂ ಮೀಸೆಯ ಮೇಲೇ ಇತ್ತು.

ಇಷ್ಟು ತಾಳ್ಮೆ ಎಲ್ಲಿ ಕಲಿತೆ ಎಂದು ಅವರು ಕೇಳಿದರು.

“ಹಗ್ಗ ಹೊಸೆಯುವಾಗ ಆ ತುದಿ ಹಿಡಿದವನು ಮಧ್ಯದಲ್ಲಿ ಬಿಟ್ಟರೆ ಹುರಿಯೆಲ್ಲ ಬಿಚ್ಕೊಳ್ತದೆ ಬುದ್ಧಿ. ನಮ್ಮವ್ವ ಸಾಕು ಅನ್ನೋಗಂಟ ಹಿಡಿದೇ ಇರ್ತೀನಿ.”

ಯುವರಾಜ ತನ್ನ ಹುಲಿಯನ್ನು ಕರೆದುಕೊಂಡು ಊರಿಗೆ ಹೋದ. ಗಿರಿಯನಿಗೆ ಅರ್ಧ ರಾಜ್ಯ ಬಂತು, ಅಮ್ಮಣ್ಣಿಯೂ ಬಂದಳು. ಮದುವೆ ಊಟದ ದಿನ ಅವನು ಹೋಳಿಗೆಯವರನ್ನೂ ತುಪ್ಪದವರನ್ನೂ ಕೈಸನ್ನೆಯಿಂದ ನಿಲ್ಲಿಸಿ, ಹೆಂಡತಿಯ ಕಡೆ ತಿರುಗಿ ಒಂದು ಮಾತು ಕೇಳಿದ. ಪಂಕ್ತಿಯೆಲ್ಲ ತಟಸ್ಥವಾಗಿ ಅವಳ ಬಾಯನ್ನೇ ನೋಡಿತು. ಹೋಳಿಗೆ ತಣ್ಣಗಾಯಿತು, ತುಪ್ಪ ಗಟ್ಟಿಯಾಯಿತು, ಉತ್ತರ ಬರಲಿಲ್ಲ. ಅವಳು ಇವತ್ತಿಗೂ ತಡಕಾಡುತ್ತಿದ್ದಾಳೆ. ಅವನು ಕೇಳಿದ್ದು ಇಷ್ಟೇ:

“ಅವತ್ತು ಹಬ್ಬದ ಊಟಕ್ಕೆ ಕೂತಾಗ ನೀವು ಹೇಳಕ್ಕೆ ಹೊರಟಿದ್ದು ಏನು?”