ಬಾಣಂತಿ ಕೋಣೆಯ ಒಲೆ

ಬೆಟ್ಟದ ತುದಿಯ ಕಾವಲಗಿರಿಯಲ್ಲಿ ಚೆಲುವಾಜಮ್ಮ ಎಂಬ ಹೆಂಗಸು ಬೇಕರಿ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಬುಟ್ಟಿಯಲ್ಲಿ ಬನ್ನು ಹೊತ್ತು ಬಸ್ ನಿಲ್ದಾಣದಲ್ಲಿ ಮಾರಿದವಳು. ಇಟ್ಟಿಗೆ ತಾನೇ ಹೊತ್ತು, ಮಣ್ಣು ತಾನೇ ತುಳಿದು ಕಟ್ಟಿದ ಗೂಡೊಲೆ ಅವಳದು. ಬೆಳಗ್ಗೆ ಅದರ ಬಾಯಿಗೆ ಕೈಯೊಡ್ಡಿ ತೆಗೆದರೆ ಸಾಕು, ಇವತ್ತು ಬನ್ನು ಮೊದಲೋ ರಸ್ಕು ಮೊದಲೋ ಎಂದು ಹೇಳಿಬಿಡುತ್ತಿದ್ದಳು. ಯಾರ ಹಂಗಿನಲ್ಲೂ ಬದುಕಿದವಳಲ್ಲ. ಹಾಗಾಗಿ ಯಾರ ಮಾತನ್ನೂ ಕೇಳುವ ಅಭ್ಯಾಸವೂ ಅವಳಿಗಿರಲಿಲ್ಲ.

ಮಗಳು ಕುಸುಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಾರ್ಗಶಿರದ ಚಳಿಯಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು, ತೂಕ ಕಡಿಮೆ. ಆಸ್ಪತ್ರೆಯಿಂದ ಕಳಿಸುವಾಗ ನರ್ಸು, "ಮಗು ಬೆಚ್ಚಗಿರಲಿ. ತಣ್ಣಗಾದರೆ ಹಾಲು ಎಳೆಯುವುದಕ್ಕೂ ಶಕ್ತಿ ಇರುವುದಿಲ್ಲ" ಎಂದು ಎಚ್ಚರಿಸಿದ್ದಳು.

ಬಯಲುಸೀಮೆಯಿಂದ ಬೀಗಿತ್ತಿ ತುಳಸಮ್ಮನ ಫೋನು ಬಂತು. "ನಿಮ್ಮ ಬೆಟ್ಟದ ಚಳಿ ನನಗೆ ಗೊತ್ತಿಲ್ಲವಾ ಬೀಗಿತ್ತಮ್ಮ? ಸೋಮವಾರ ಬಂದು ನೋಡ್ತೀನಿ. ಕೋಣೆ ಬೆಚ್ಚಗಿಲ್ಲ ಅಂತ ಕಂಡರೆ ಅವತ್ತೇ ತಾಯಿ ಮಗೂನ ಕಾರಿಗೆ ಹತ್ತಿಸ್ಕೊಂಡು ಬರ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಚೆಲುವಾಜಮ್ಮನ ಮೈ ಉರಿಯಿತು. ಬಾಣಂತನ ಅರ್ಧಕ್ಕೆ ನಿಂತು ಮಗಳು ತವರಿನ ಹೊಸಿಲು ದಾಟಿ ಹೊರಟರೆ ಊರೆದುರು ತಲೆಯೆತ್ತುವುದು ಹೇಗೆ? ಅವಳು ಸೆರಗು ಬಿಗಿದುಕೊಂಡು ನೇರವಾಗಿ ವಿನ್ಸೆಂಟನ ಹಾರ್ಡ್‌ವೇರ್ ಅಂಗಡಿಗೆ ಹೋದಳು.

ಅಲ್ಲಿ ಎರಡು ಬಗೆಯ ಒಲೆಗಳಿದ್ದವು. ಒಂದು ಪೆಲೆಟ್ ಒಲೆ. ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಮೇಲಿನ ಡಬ್ಬಿಗೆ ಸುರಿದರೆ ಒಳಗಿನ ಯಂತ್ರ ಅದನ್ನು ಸ್ವಲ್ಪಸ್ವಲ್ಪವೇ ಬೆಂಕಿಗೆ ನೂಕುತ್ತದೆ, ಫ್ಯಾನು ಕಾವನ್ನು ಕೋಣೆಗೆ ಊದುತ್ತದೆ. ಇನ್ನೊಂದು ಕಬ್ಬಿಣದ ದಪ್ಪ ಪೆಟ್ಟಿಗೆ. ಸೌದೆ, ಇದ್ದಿಲು, ತೆಂಗಿನ ಚಿಪ್ಪು, ಬೇಕಾದರೆ ಪೆಲೆಟ್ಟೂ ಸರಿ, ಏನು ಹಾಕಿದರೂ ಉರಿಯುತ್ತದೆ.

"ಇದೇನಪ್ಪ ವಿನ್ಸೆಂಟ್, ಕೋಳಿಗೆ ಹಾಕೋ ಮೇವನ್ನ ಒಲೆಗೆ ಹಾಕ್ತಾರಾ?" ಎಂದು ಚೆಲುವಾಜಮ್ಮ ಪೆಲೆಟ್ಟುಗಳನ್ನು ಅಂಗೈಯಲ್ಲಿ ಹೊರಳಿಸಿದಳು. ಅಂಗಡಿಯಲ್ಲಿದ್ದವರು ನಕ್ಕರು.

"ಕಡಿಮೆ ಬೆಲೇದು ಅದೇ ಅಮ್ಮ. ಬೂದಿನೂ ಕಮ್ಮಿ."

"ಮಂಜು ಇಳಿದರೆ ಈ ಊರಲ್ಲಿ ಕರೆಂಟು ಇರುತ್ತಾ? ಫ್ಯಾನು ನಿಂತರೆ ನನ್ನ ಮೊಮ್ಮಗಳಿಗೆ ನೀನು ಬಂದು ಗಾಳಿ ಬೀಸ್ತೀಯಾ? ಆ ಕಬ್ಬಿಣದ್ದು ಕೊಡು. ನನ್ನ ಗೂಡೊಲೆಯ ಕೆಂಡವೇ ದಿನಾ ಬೇಕಾದಷ್ಟು ಉಳಿಯುತ್ತೆ."

ಲೆಕ್ಕ ಸರಿಯಾಗಿಯೇ ಇತ್ತು. ವಿನ್ಸೆಂಟ್ ಕೂಡ ತಲೆಯಾಡಿಸಿದ. ತಾನೇ ಬಂದು ಒಲೆ ಕೂರಿಸಿ, ಹೊಗೆ ಕೊಳವೆಯನ್ನು ಗೋಡೆಯಿಂದ ಆಚೆಗೆ ಹಾಯಿಸಿದ. ಕೊಳವೆಯ ನಡುವೆ, ಹೊಗೆಯ ದಾರಿ ತೆರೆದು ಮುಚ್ಚುವ ಒಂದು ಹಿಡಿ ಇತ್ತು. ಅದನ್ನು ತೋರಿಸಿ ಹೇಳಿದ: "ಅಮ್ಮ, ಒಳಗೆ ಚೂರು ಕೆಂಪು ಕಾಣ್ತಿರೋವರೆಗೂ ಈ ಹಿಡಿ ತೆರೆದೇ ಇರಬೇಕು. ಹೊಗೆ ಇಲ್ಲದಿದ್ದರೂ ಕೆಂಡ ಕೆಟ್ಟ ಗಾಳಿ ಬಿಡುತ್ತೆ. ಕಣ್ಣಿಗೆ ಕಾಣಲ್ಲ, ಮೂಗಿಗೆ ಗೊತ್ತಾಗಲ್ಲ. ಕಿಟಕೀನೂ ಚೂರು..."

"ವಿನ್ಸೆಂಟ್," ಎಂದು ಚೆಲುವಾಜಮ್ಮ ತಡೆದಳು, "ನೀನು ಮೊಳೆ ಮಾರು. ಬೆಂಕಿ ವಿಷಯ ನನಗೆ ಬಿಡು."

ಬಾಣಂತಿಗೆ ಗಾಳಿ ತಾಗಬಾರದು ಎನ್ನುವುದು ಆ ಕಡೆಯ ಕಟ್ಟುನಿಟ್ಟು. ಚೆಲುವಾಜಮ್ಮ ಮೈದಾ ಗೋಂದು ಕುದಿಸಿ, ಕಿಟಕಿಯ ಸಂದುಗಳಿಗೆಲ್ಲ ದಪ್ಪ ಕಾಗದ ಅಂಟಿಸಿದಳು. ಬಾಗಿಲ ಕೆಳಗೆ ಗೋಣಿಚೀಲ ಸುತ್ತಿಟ್ಟಳು. ಮಗಳ ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಪಟ್ಟಿ. ಒಲೆಗೆ ಕೆಂಡ ಬಿತ್ತು, ಕೋಣೆ ಹದವಾಗಿ ಬೆಚ್ಚಗಾಯಿತು. ಮಗು ಹಾಲು ಎಳೆಯತೊಡಗಿತು.

ಸೋಮವಾರ ಬಂತು. ಅಂದು ಚಳಿ ಎಂದಿಗಿಂತ ಜೋರು. ಬೀಗಿತ್ತಿಯ ಕಾರು ಬೆಟ್ಟ ಹತ್ತುತ್ತಿದೆ ಎಂದು ಸುದ್ದಿ ಬಂದಾಗ ಚೆಲುವಾಜಮ್ಮ ಕೋಣೆಯ ಗೋಡೆ ಮುಟ್ಟಿ ನೋಡಿದಳು. ಇನ್ನಷ್ಟು ಬೆಚ್ಚಗಿದ್ದರೆ ಚೆನ್ನ ಎನ್ನಿಸಿತು. ಕೊಳವೆ ಮುಟ್ಟಿದಳು, ಬೆರಳು ಚುರ್ರೆಂದಿತು. ಅರೆ, ಇಷ್ಟೊಂದು ಕಾವು ಸುಮ್ಮನೆ ಬೀದಿಗೆ ಹೋಗುತ್ತಿದೆಯಲ್ಲ!

ಗೂಡೊಲೆಯಲ್ಲಿ ಅವಳು ದಿನವೂ ಏನು ಮಾಡುತ್ತಿದ್ದಳು? ಸೌದೆ ಉರಿದು, ಹೊಗೆ ಪೂರ್ತಿ ಹೋಗಿ, ಬರೀ ಕೆಂಡ ಉಳಿದ ಮೇಲೆ ಹೊಗೆಗೂಡಿನ ಬಾಯಿ ಮುಚ್ಚಿಬಿಡುತ್ತಿದ್ದಳು. ಕಾವು ಒಳಗೇ ನಿಲ್ಲುತ್ತಿತ್ತು, ಬನ್ನು ಹೊನ್ನಿನ ಬಣ್ಣಕ್ಕೆ ತಿರುಗುತ್ತಿತ್ತು. ಆ ಊರಿನಲ್ಲಿ ಅವಳಷ್ಟು ಹದವಾಗಿ ಗೂಡು ಮುಚ್ಚುವವರು ಇನ್ನೊಬ್ಬರಿರಲಿಲ್ಲ.

ಅವಳು ಒಲೆಯೊಳಗೆ ಬಗ್ಗಿ ನೋಡಿದಳು. ಕೆಂಡ ನಿಗಿನಿಗಿ ಎನ್ನುತ್ತಿತ್ತು. ಒಂದೆಳೆ ಹೊಗೆ ಇಲ್ಲ. ಕೈ ತಾನಾಗಿ ಮೇಲೆ ಹೋಗಿ ಹಿಡಿಯನ್ನು ತಿರುಗಿಸಿ ಮುಚ್ಚಿತು.

ತುಳಸಮ್ಮ ಬಂದಳು. ಕೈಕಾಲು ತೊಳೆದು ಕೋಣೆಗೆ ಕಾಲಿಟ್ಟವಳೇ ತಡೆದು ನಿಂತಳು. ಕೊಂಕು ಹುಡುಕಿಕೊಂಡು ಬಂದವಳಿಗೆ ಏನೂ ಸಿಗಲಿಲ್ಲ.

"ಬೆಚ್ಚಗೇನೋ ಇದೆ ಬಿಡಿ," ಎಂದು ಮಗುವನ್ನು ಎತ್ತಿಕೊಂಡು ಒಲೆಯ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತಳು. "ಆದರೆ ಮಗು ಏನು ಇಷ್ಟು ಸಣ್ಣಗಿದೆ? ಬನ್ನು ಮಾತ್ರ ಉಬ್ಬಿಸೋದು ಬರುತ್ತಾ ನಿಮಗೆ?"

"ಮಗು ನಿಮ್ಮ ಮಗನ ಹಾಗೆ. ಬರುವಾಗ ಸಣ್ಣಗೆ, ಬಂದ ಮೇಲೆ ತಿಂತಾನೇ ಇರುತ್ತೆ," ಎಂದಳು ಚೆಲುವಾಜಮ್ಮ. ಕುಸುಮ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು.

"ಅವ್ವ, ತಲೆ ಸಿಡೀತಿದೆ."

"ಬಾಣಂತಿ ತಲೆ ಸಿಡಿಯದೆ ಇರುತ್ತಾ? ನಿಶ್ಶಕ್ತಿ. ಮಲಗು."

ಬೀಗಿತ್ತಿಯರ ಮಾತು ಬೆಳೆಯಿತು. ಹೆಸರಿಡುವುದು ಎಲ್ಲಿ, ತೊಟ್ಟಿಲು ಯಾರದು, ಯಾವ ತಿಂಗಳಿಗೆ ಕಳಿಸುವುದು. ಈ ನಡುವೆ ಕುಸುಮ ಒಮ್ಮೆ ಎದ್ದು ವಾಂತಿ ಮಾಡಿಕೊಂಡಳು. ಗೋಡೆ ಹಿಡಿದು ಬಂದು ಮತ್ತೆ ಬಿದ್ದುಕೊಂಡಳು.

"ಇದು ದೃಷ್ಟಿ," ಎಂದಳು ತುಳಸಮ್ಮ. "ಯಾರು ಯಾರನ್ನ ಒಳಗೆ ಬಿಟ್ಟಿದ್ರಿ? ಉಪ್ಪು ಮೆಣಸಿನಕಾಯಿ ತನ್ನಿ, ನಿವಾಳಿಸ್ತೀನಿ."

"ದೃಷ್ಟಿಯೂ ಇಲ್ಲ ಗಿಷ್ಟಿಯೂ ಇಲ್ಲ. ಮೈಗೆ ಚಳಿ ಹೊಕ್ಕಿದೆ." ಚೆಲುವಾಜಮ್ಮ ಒಲೆಗೆ ಇನ್ನಷ್ಟು ಕೆಂಡ ಸುರಿದಳು. ಮಗಳಿಗೆ ಬಿಸಿ ಮೆಣಸಿನ ಸಾರು ತರಲು ಅಡುಗೆಮನೆಗೆ ಹೋದಳು.

ಹಿತ್ತಲ ಬಾಗಿಲು ತೆರೆದಿತ್ತು. ಮಂಜಿನ ಗಾಳಿ ಮುಖಕ್ಕೆ ಬಡಿದಾಗಲೇ ಅವಳಿಗೆ ಗೊತ್ತಾಗಿದ್ದು, ಇಷ್ಟು ಹೊತ್ತು ತನ್ನ ನೆತ್ತಿಯ ಮೇಲೂ ಯಾರೋ ಕುಟ್ಟುತ್ತಿದ್ದಂತೆ ಇತ್ತು ಎಂದು. ಈಗ ಅದು ಹಗುರವಾಗುತ್ತಿತ್ತು. ಸಾರು ಬಸಿದುಕೊಂಡು ಕೋಣೆಗೆ ಮರಳಿದಳು. ಹೊಸಿಲು ದಾಟಿ ತುಸು ಹೊತ್ತಿಗೆ ಆ ಕುಟ್ಟಾಟ ಮತ್ತೆ ಶುರುವಾಯಿತು.

"ಕುಸುಮ, ಏಳಮ್ಮ." ಕುಸುಮ ಏಳಲಿಲ್ಲ. ಕಣ್ಣು ಅರೆತೆರೆದಿತ್ತು, ತುಟಿ ಏನೋ ತೊದಲಿತು. ತುಳಸಮ್ಮ ಮಗುವನ್ನು ಎದೆಗವಚಿಕೊಂಡು ಹಣೆ ಒತ್ತಿಕೊಳ್ಳುತ್ತಿದ್ದಳು. "ನನಗೂ ಯಾಕೋ ತಲೆ ಸುತ್ತುತ್ತಿದೆ. ಕಾರಿನ ಪ್ರಯಾಣ ಇರಬೇಕು. ಆದರೆ ಮಗು ನೋಡಿ, ಎಂಥಾ ನಿದ್ದೆ."

ಚೆಲುವಾಜಮ್ಮ ಸಾರಿನ ಬಟ್ಟಲು ಹಿಡಿದು ನಿಂತೇ ಇದ್ದಳು. ಮಗಳು ಹೆತ್ತಿದ್ದಾಳೆ, ಅವಳಿಗೆ ತಲೆನೋವು. ಸರಿ. ಬೀಗಿತ್ತಿ ದೂರದಿಂದ ಬಂದಿದ್ದಾಳೆ, ಅವಳಿಗೆ ತಲೆಸುತ್ತು. ಅದೂ ಸರಿ. ನಾನೇನು ಹೆತ್ತಿದ್ದೇನೆಯೇ? ನಾನೆಲ್ಲಿಗೆ ಹೋಗಿದ್ದೆ? ನನ್ನ ತಲೆ ಯಾಕೆ ಒಡೆಯುತ್ತಿದೆ?

ಅವಳ ಕಣ್ಣು ಕೊಳವೆಯ ಹಿಡಿಯ ಮೇಲೆ ನಿಂತಿತು. ಗೂಡೊಲೆಯ ಬಾಯಿ ಮುಚ್ಚಿದಾಗ ಒಳಗೆ ಇರುವುದು ಬನ್ನು. ಬನ್ನು ಉಸಿರಾಡುವುದಿಲ್ಲ.

ಬಟ್ಟಲು ಕೈಜಾರಿತು. ಅವಳು ಹಾರಿ ಹಿಡಿಯನ್ನು ತೆರೆದಳು. "ಬೀಗಿತ್ತಿ, ಏಳಿ! ಮಗೂನ ಆಚೆ ತನ್ನಿ!"

ತುಳಸಮ್ಮ ಎದ್ದಳು. ಬಾಗಿಲವರೆಗೆ ಬಂದು, ಹೊರಗಿನ ಮಂಜು ನೋಡಿ, ಅಲ್ಲಿಯೇ ಅಡ್ಡ ನಿಂತುಬಿಟ್ಟಳು. "ತಲೆ ಕೆಟ್ಟಿದೆಯಾ ನಿಮಗೆ? ಹಸಿ ಮಗೂನ ಈ ಚಳಿಗಾ? ಹಸಿ ಬಾಣಂತೀನ ಗಾಳಿಗಾ?"

"ಮಾತಾಡಬೇಡಿ, ನಡೀರಿ!"

"ಯಾಕೆ ಅಂತ ಹೇಳಿ. ಇಲ್ಲ ಅಂದರೆ ಈ ಮಗೂನ ನಾನು ಹೊಸಿಲು ದಾಟಿಸಲ್ಲ."

ಕಾರಣ ಹೇಳಬೇಕೆಂದರೆ ಒಂದೇ ಒಂದು ಮಾತಿತ್ತು. ಆ ಮಾತು ಹೇಳಿದ ಮೇಲೆ ಈ ಹೆಂಗಸು ಅದನ್ನು ಬಯಲುಸೀಮೆಗೆಲ್ಲ ಸಾರುತ್ತಾಳೆ. ಮಗಳು ಕಾರು ಹತ್ತುತ್ತಾಳೆ. ಬೇಕರಿಯ ಚೆಲುವಾಜಮ್ಮನಿಗೆ ಬೆಂಕಿ ಗೊತ್ತಿಲ್ಲ ಎಂದು ಊರು ಆಡಿಕೊಳ್ಳುತ್ತದೆ. ಬೇರೆ ಏನಾದರೂ ಹೇಳಬಹುದಿತ್ತು. ಹಾವು ಎನ್ನಬಹುದಿತ್ತು. ಅಷ್ಟರಲ್ಲಿ ತುಳಸಮ್ಮನ ತೋಳಿನಿಂದ ಮಗುವಿನ ಕೈ ಬಟ್ಟೆಯ ಚೂರಿನಂತೆ ಜೋತುಬಿತ್ತು.

"ನಾನು ಕೊಳವೆ ಮುಚ್ಚಿದ್ದೆ!" ಎಂದು ಚೆಲುವಾಜಮ್ಮ ಕೂಗಿದಳು. "ಮುಚ್ಚಬೇಡ ಅಂತ ಹೇಳಿದ್ದರು. ಕೇಳಲಿಲ್ಲ. ಕೋಣೆ ತುಂಬ ವಿಷ ತುಂಬಿದೆ, ತುಳಸಮ್ಮ. ನಾನೇ ತುಂಬಿಸಿದ್ದು. ದಾರಿ ಬಿಡಿ!"

ತುಳಸಮ್ಮ ಮಗುವನ್ನು ಅವಚಿಕೊಂಡು ಮಂಜಿನೊಳಕ್ಕೆ ಓಡಿದಳು, ಪಡಸಾಲೆಯ ಜಗುಲಿಯ ಮೇಲೆ ತನ್ನ ಶಾಲು ಸುತ್ತಿ ಮಲಗಿಸಿ ಹಿಂದಕ್ಕೆ ಓಡಿಬಂದಳು. ಚೆಲುವಾಜಮ್ಮ ಮಗಳ ಕಂಕುಳಿಗೆ ಕೈ ಹಾಕಿದಳು, ಬೀಗಿತ್ತಿ ಕಾಲು ಹಿಡಿದಳು. ಬಾಗಿಲಲ್ಲಿ ಒಮ್ಮೆ ಕುಸಿದರು. ಎದ್ದರು. ಎಳೆದುಕೊಂಡು ಹೊರಗೆ ತಂದರು.

ಕುಸುಮ ದೊಡ್ಡದಾಗಿ ಉಸಿರೆಳೆದು ಕೆಮ್ಮಿದಳು. ಮಗು ಮಾತ್ರ ಸುಮ್ಮನಿತ್ತು. ಚೆಲುವಾಜಮ್ಮ ಅದರ ಅಂಗಾಲು ತಟ್ಟಿದಳು. ಬೆನ್ನು ಉಜ್ಜಿದಳು. "ಅಳು, ನನ್ನವ್ವ, ಅಳು. ನನ್ನನ್ನ ಬೈದಾದರೂ ಅಳು." ತುಳಸಮ್ಮ ಮನೆದೇವರ ಹೆಸರು ಹೇಳುತ್ತಲೇ ಬೀದಿಯ ಕಡೆ ಕೂಗುತ್ತಿದ್ದಳು. ಜನ ಓಡಿ ಬಂದರು. ಯಾರೋ ತುಳಸಮ್ಮನ ಕಾರನ್ನೇ ಬಾಗಿಲಿಗೆ ತಂದರು. ಕಾರಿನ ಬಾಗಿಲು ತೆಗೆಯುವ ಹೊತ್ತಿಗೆ ಮಗು ಮೂಗು ಸೊಟ್ಟ ಮಾಡಿತು. ಆಮೇಲೆ ಬೆಕ್ಕಿನ ಮರಿಯಷ್ಟು ಸಣ್ಣ ದನಿಯಲ್ಲಿ ಅತ್ತಿತು.

ಆಸ್ಪತ್ರೆಯಲ್ಲಿ ತಾಯಿ ಮಗು ಇಬ್ಬರಿಗೂ ಆಮ್ಲಜನಕ ಕೊಟ್ಟರು. ಡಾಕ್ಟರು, "ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದರೆ ಇಲ್ಲಿಗೆ ತರುವ ಕೆಲಸವೇ ಇರುತ್ತಿರಲಿಲ್ಲ" ಎಂದಷ್ಟೇ ಹೇಳಿ ಹೋದರು.

ಹೊರಗಿನ ಬೆಂಚಿನ ಮೇಲೆ ಬೀಗಿತ್ತಿಯರು ಪಕ್ಕಪಕ್ಕ ಕುಳಿತರು. ತುಳಸಮ್ಮ ಕೇಳಿದಳು: "ಊರಲ್ಲಿ ಕೇಳಿದರೆ ಏನಂತ ಹೇಳಲಿ? ಚಳಿಗೆ ಹುಷಾರು ತಪ್ಪಿತ್ತು ಅಂದುಬಿಡಲಾ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವಳು ನಿಜವಾಗಿಯೂ ಮುಚ್ಚಿಡಲು ಸಿದ್ಧಳಿದ್ದಳು.

"ಬೇಡ," ಎಂದಳು ಚೆಲುವಾಜಮ್ಮ. "ಈ ಚಳಿಗೆ ನಮ್ಮೂರಲ್ಲಿ ಎಷ್ಟು ಕೋಣೆಯಲ್ಲಿ ಬಾಗಿಲು ಮುಚ್ಚಿ ಕೆಂಡ ಇಟ್ಟಿದ್ದಾರೋ. ನಡೆದದ್ದನ್ನ ನಡೆದ ಹಾಗೆ ಹೇಳಿ. ನಾನೂ ಹೇಳ್ತೀನಿ."

ಮರುದಿನ ಬೆಳಗ್ಗೆ ಬೇಕರಿ ತೆರೆಯಿತು. ಬಿಸಿ ಬನ್ನಿಗೆ ಜನ ಸೇರಿದ್ದರು. ಚೆಲುವಾಜಮ್ಮ ಕಟ್ಟೆಯ ಮೇಲೆ ನಿಂತಳು. ಕೊಳವೆ ಮುಚ್ಚಿದ್ದು, ಕೆಂಡ ಸುರಿದದ್ದು, ಮಗಳ ತಲೆನೋವನ್ನು ನಿಶ್ಶಕ್ತಿ ಎಂದದ್ದು, ಒಂದನ್ನೂ ಬಿಡದೆ ಹೇಳಿದಳು. ಯಾರೋ ಒಬ್ಬ, "ಏನಮ್ಮ, ಬೆಂಕಿ ಜೊತೆ ಹುಟ್ಟಿದವಳು ನೀನೇ ಹೀಗೆ ಮಾಡಿದರೆ?" ಎಂದು ನಕ್ಕ. ಅವಳ ಮುಖ ಕೆಂಪಾಯಿತು, ಆದರೆ ಅವಳು ಮಾತು ನಿಲ್ಲಿಸಲಿಲ್ಲ.

ಗುಂಪಿನ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಅವಳ ಮನೆಯಲ್ಲೂ ಬಾಣಂತಿ ಸೊಸೆ ಇದ್ದಳು, ಮಂಚದ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ ಇತ್ತು. ಅವಳು ಕೈಯಲ್ಲಿದ್ದ ಬನ್ನಿನ ಪೊಟ್ಟಣವನ್ನು ಕಟ್ಟೆಯ ಮೇಲೇ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಮನೆಯ ಕಡೆ ಓಡಿದಳು.

ನೀತಿ: ದುಡಿದು ಕಲಿತದ್ದರ ಬಗ್ಗೆ ಹೆಮ್ಮೆ ಇರಲಿ, ಅದು ನಮ್ಮ ಸ್ವಂತದ್ದು. ಆದರೆ ಒಂದು ಕೆಲಸ ಕಲಿಸಿದ ಜಾಣತನ ಇನ್ನೊಂದು ಕೆಲಸದಲ್ಲಿ ಜೀವ ತೆಗೆಯಬಹುದು. ಎಚ್ಚರಿಕೆ ಹೇಳಿದವರ ಮಾತನ್ನು ಪೂರ್ತಿ ಕೇಳಿ. ತಪ್ಪಿದ್ದು ಗೊತ್ತಾದ ಕ್ಷಣವೇ ಬಾಯಿಬಿಟ್ಟು ಒಪ್ಪಿಕೊಳ್ಳಿ. ಮಾನಕ್ಕೆ ಅಂಜಿ ತಡ ಮಾಡಿದರೆ ಅದಕ್ಕೆ ಬೆಲೆ ತೆರುವವರು ನಾವಲ್ಲ, ನಾವು ಪ್ರೀತಿಸುವವರು.