ನರಕದಲ್ಲಿ ತೆರವಾದ ಜಾಗ

“ಗುರುಗಳೇ, ಲಂಚ ತಿಂದವರೆಲ್ಲ ಸುಖವಾಗಿ ಸಾಯುತ್ತಾರೆ. ದೇವರ ತೀರ್ಪು ಬರುವ ತನಕ ಕಾಯದೆ ಕವಿಯಾದವನೇ ಅವರನ್ನು ನರಕಕ್ಕೆ ಹಾಕಿದರೆ ತಪ್ಪೇ?”

ಕೇಳಿದ ಶಿಷ್ಯ ಬರಿಗೈಯಲ್ಲಿ ಬಂದಿರಲಿಲ್ಲ. ಮಂತ್ರಿಯನ್ನು ನರಕದಲ್ಲಿ ಕೂರಿಸಿ ಒಂದು ಕಾವ್ಯವನ್ನೇ ಬರೆದು ತಂದಿದ್ದ. ಆಸ್ಥಾನದಲ್ಲಿ ಕೆಲಸ ಕೇಳಲು ಹೋದಾಗ ಇವನನ್ನು ಬಾಗಿಲಲ್ಲೇ ತಡೆದು ಕಳಿಸಿದ್ದವನು ಅದೇ ಮಂತ್ರಿ. ಗುರುಗಳು ಕಾವ್ಯವನ್ನು ಕೊನೆಯವರೆಗೂ ಓದಿ ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಬಹಳ ಹಿಂದೆ ಇಟಲಿಯ ಒಂದು ನಗರದಲ್ಲಿ ಒಬ್ಬ ಕವಿಯಿದ್ದ. ಅಲ್ಲಿಯ ನ್ಯಾಯಾಧಿಕಾರಿ ತೀರ್ಪುಗಳನ್ನು ಮಾರುತ್ತಿದ್ದ. ಕವಿ ಅದನ್ನು ಬಾಯಿಬಿಟ್ಟು ಹೇಳಿದ. ನ್ಯಾಯಾಧಿಕಾರಿ ಅವನನ್ನು ಗಡಿಪಾರು ಮಾಡಿದ. ಆ ಒಂದು ತೀರ್ಪಿಗೆ ಮಾತ್ರ ಅವನು ಯಾರಿಂದಲೂ ಏನನ್ನೂ ಪಡೆಯಲಿಲ್ಲ.

ಕವಿಯ ಹೆಂಡತಿ ಊರಲ್ಲೇ ಉಳಿದಳು. ಕವಿ ಅಲ್ಲಿ ಇಲ್ಲಿ ಅಲೆಯುತ್ತ ನರಕದ ಕಾವ್ಯ ಬರೆದ. ಅದರಲ್ಲಿ ನ್ಯಾಯ ಮಾರಿದವರು ಅಂಗೈ ಚಾಚಿಕೊಂಡು ನಿಂತಿರುತ್ತಾರೆ. ಮೇಲಿನಿಂದ ಕೆಂಡ ಬೀಳುತ್ತಿರುತ್ತದೆ. ಬೆರಳು ಮಡಚಲು ಬರುವುದಿಲ್ಲ. ಅವರ ನಡುವೆ ನ್ಯಾಯಾಧಿಕಾರಿಯನ್ನು ಹೆಸರು ಹಿಡಿದೇ ನಿಲ್ಲಿಸಿದ.

ಕಾವ್ಯಕ್ಕೆ ಗಡಿಪಾರು ಇರಲಿಲ್ಲ. ಹೇಸರಗತ್ತೆಗಳ ಮೇಲೆ ಸರಕು ತರುವವರ ಬಾಯಲ್ಲಿ ಅದು ನಗರದೊಳಗೆ ಬಂತು. ನ್ಯಾಯಾಧಿಕಾರಿ ಬೀದಿಗೆ ಬಂದರೆ ಜನ ಮಾತಿಲ್ಲದೆ ಅಂಗೈ ಚಾಚುತ್ತಿದ್ದರು. ನೋಡಿದವರಿಗೆ ಭಿಕ್ಷೆ ಬೇಡಿದಂತೆ ಕಾಣುತ್ತಿತ್ತು. ಕಾನೂನಿನಲ್ಲಿ ಅದು ಅಪರಾಧವಲ್ಲ.

ನ್ಯಾಯಾಧಿಕಾರಿಗೆ ವಯಸ್ಸಾಯಿತು. ದೇವರ ಭಯ ಅವನಿಗಿರಲಿಲ್ಲ. ಚರ್ಚು ಕಟ್ಟಿಸಿ ಆ ಕಡೆಯದನ್ನು ಸರಿಮಾಡಿಕೊಂಡಿದ್ದ. ಕಾವ್ಯದ ಭಯ ಮಾತ್ರ ಹೋಗಲಿಲ್ಲ. ಕವಿಯ ಬಳಿಗೆ ದೂತನನ್ನು ಕಳಿಸಿದ.

“ಒಂದೇ ಒಂದು ಹೆಸರು ಕವಿಗಳೇ. ತೆಗೆದುಬಿಡಿ, ಊರಿಗೆ ಬನ್ನಿ. ನಿಮ್ಮ ಮನೆಯವರು ದಾರಿ ಕಾಯುತ್ತಿದ್ದಾರೆ.”

“ತೆಗೆದರೆ ಸಾಲು ಕುಂಟುತ್ತದಲ್ಲಯ್ಯ!”

“ಬೇರೆ ಯಾರನ್ನಾದರೂ ನಿಲ್ಲಿಸಿ ಸ್ವಾಮಿ. ನರಕಕ್ಕೇನು ಜನಕ್ಕೆ ಬರವೇ?”

ಕವಿಗೆ ಹೆಂಡತಿಯ ಮುಖ ಮರೆಯುತ್ತ ಬಂದಿತ್ತು. ಕುಳಿತು ಯೋಚಿಸಿದ. ಸಂತೆಯಲ್ಲಿ ಧಾನ್ಯ ತೂಗುತ್ತಿದ್ದ ಒಬ್ಬ ಮುದುಕ ನೆನಪಾದ. ಸತ್ತುಹೋಗಿದ್ದ. ಹಿಂದೆ ಮುಂದೆ ಯಾರೂ ಇಲ್ಲದವನು ಎಂದು ಕವಿ ತಿಳಿದಿದ್ದ. ಅವನ ಹೆಸರು ಸಾಲಿಗೆ ಸರಿಯಾಗಿ ಕೂತಿತು, ಪ್ರಾಸವೂ ಕೂಡಿತು. ಮುದುಕ ಪ್ರಾಮಾಣಿಕನಾಗಿದ್ದ, ಅದರಿಂದ ಛಂದಸ್ಸಿಗೇನೂ ಅಡ್ಡಿಯಾಗಲಿಲ್ಲ.

ನಗರ ಹೊಸ ಸಾಲನ್ನು ಬೇಗ ಕಲಿತಿತು. ಕವಿಗೆ ಬಾಗಿಲು ತೆರೆಯಿತು. ಮನೆಗೆ ಹೋಗುವ ದಾರಿಯಲ್ಲಿ ಸಂತೆ ಸಿಕ್ಕಿತು. ಅಲ್ಲಿ ಈರುಳ್ಳಿ ಮಾರುತ್ತಿದ್ದ ಒಬ್ಬ ಹೆಂಗಸಿಗೆ ಜನ ಅಂಗೈ ಚಾಚಿ ನಗುತ್ತಿದ್ದರು. ಅವಳು ಧಾನ್ಯ ತೂಗುವವನ ಮಗಳು. ಕವಿಯನ್ನು ಗುರುತಿಸಿ ಎದ್ದು ಬಂದಳು.

“ಅಯ್ಯಾ, ನಮ್ಮಪ್ಪ ತಕ್ಕಡಿ ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ. ಅವರು ಏನು ತಗೊಂಡಿದ್ದರು, ನೀವೇ ಹೇಳಿ.”

ಕವಿ ಅವಳನ್ನು ದಾಟಿ ಮನೆಗೆ ಹೋದ. ಹೆಂಡತಿ ಅಳುತ್ತಲೇ ರೊಟ್ಟಿ ತಂದಳು. ಅವನು ಅಂಗೈ ಚಾಚಿದ. ಚಾಚಿದ ಕೈಯನ್ನು ಮಡಚಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ: “ಆದರೆ ಗುರುಗಳೇ, ನನ್ನ ಮಂತ್ರಿ ನಿಜವಾಗಿಯೂ ಪಾಪಿ.”

ಗುರುಗಳು ಕಾವ್ಯವನ್ನು ಅವನ ಕೈಗೆ ಕೊಟ್ಟು ಕೇಳಿದರು: “ನಾಳೆ ಆಸ್ಥಾನದಿಂದ ಕರೆ ಬಂದರೆ, ಅವನ ಜಾಗದಲ್ಲಿ ಯಾರನ್ನು ಕೂರಿಸುತ್ತೀಯ?”