ಹಿಂದಕ್ಕೆ ಹೋಗದ ಹಲ್ಲಿ

ಟೀವಿಯ ಎದುರಿನ ಗೋಡೆಯಲ್ಲಿ ಒಂದು ಹಲ್ಲಿ ಇತ್ತು. ಕಾಲಯಂತ್ರ ಹತ್ತಿ ಹಿಂದಿನ ಕಾಲಕ್ಕೆ ಹೋಗುವ ನಾಯಕನ ಧಾರಾವಾಹಿ ಶುರುವಾದರೆ ಸಾಕು, ಅದು ತಪ್ಪು ಹುಡುಕಲು ಸಜ್ಜಾಗುತ್ತಿತ್ತು. ಅದರ ಗೆಳೆಯ ಬೆಕ್ಕು ಕೆಳಗೆ ಕೂತು ಕಥೆಗೆ ಕರಗಿ ಕಣ್ಣೀರು ಸುರಿಸುತ್ತಿತ್ತು.

ಅಂದು ನಾಯಕ, ಅಜ್ಜಿಯ ಕಷ್ಟ ನೋಡಲಾರದೆ, ಹಿಂದಿನ ಕಾಲಕ್ಕೆ ಹೋಗಿ ಅಜ್ಜನೊಂದಿಗಿನ ಅವಳ ಮದುವೆಯನ್ನೇ ತಪ್ಪಿಸಿಬಿಟ್ಟ.

“ಶುದ್ಧ ಅಸಂಬದ್ಧ!” ಎಂದಿತು ಹಲ್ಲಿ. “ಮದುವೆಯೇ ಆಗದಿದ್ದರೆ ಇವನು ಹುಟ್ಟಿದ್ದೆಲ್ಲಿಂದ? ಹುಟ್ಟದವನು ಮದುವೆ ತಪ್ಪಿಸಿದ್ದು ಹೇಗೆ?”

“ಅಜ್ಜಿ ನಕ್ಕಳಲ್ಲ, ನನಗಷ್ಟು ಸಾಕು,” ಎಂದಿತು ಬೆಕ್ಕು. “ಆ ಯಂತ್ರ ನಿನಗೆ ಸಿಕ್ಕಿದರೆ ಎಲ್ಲಿಗೆ ಹೋಗುತ್ತೀಯೆ?”

“ನೀನು ನನ್ನ ಬಾಲ ಕಚ್ಚಿ ತುಂಡು ಮಾಡಿದ ದಿನಕ್ಕೆ. ಬಾಲವನ್ನು ಸರಕ್ಕನೆ ಎಳೆದುಕೊಳ್ಳುತ್ತೇನೆ.”

ಬೆಕ್ಕು ತಲೆ ತಗ್ಗಿಸಿತು. “ಹೋಗಿ ಬಾ. ಅದು ನ್ಯಾಯವೇ.”

ಹಲ್ಲಿ ಯೋಚಿಸಿತು. ಬಾಲ ಉಳಿದಿದ್ದರೆ ಬೆಕ್ಕು ಮರುದಿನ ಕ್ಷಮೆ ಕೇಳಲು ಬರುತ್ತಿರಲಿಲ್ಲ. ಅದು ಬಾರದಿದ್ದರೆ ಈ ಸ್ನೇಹವೆಲ್ಲಿ? ದಿನಾ ಸಂಜೆ ವಾದಕ್ಕೆ ಜೊತೆಯೆಲ್ಲಿ?

“ನನಗೆ ಯಂತ್ರ ಬೇಡ,” ಎಂದಿತು.

ಆಮೇಲೆ ಗೋಡೆಯಿಂದ ಇಳಿದುಬಂದು, ಬೆಕ್ಕಿನ ಬಾಯಿಗೆ ಎಟುಕುವಷ್ಟು ಹತ್ತಿರದಲ್ಲಿ, ನಿಶ್ಚಿಂತೆಯಿಂದ ಧಾರಾವಾಹಿ ನೋಡುತ್ತ ಕೂತಿತು.